ಈ ಗುಡ್ಡ ಯಾರದು ಸ್ವಾಮಿ?

ಬ್ಯಾಡಗಿ ಅಂದ ತಕ್ಷಣ ನಿಮಗೆ ನೆನಪಾಗೋದು ಮೆಣಸಿನಕಾಯಿ. ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ, ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದ್ರೆ ಬ್ಯಾಡಗಿ ಮಾರುಕಟ್ಟೆಗೆ ಬರುವ ಮೆಣಸಿನಕಾಯಿ ಎಲ್ಲಾ ಬ್ಯಾಡಗಿಯಲ್ಲೇ ಬೆಳೆದದ್ದಲ್ಲ. ಧಾರವಾಡದಿಂದ ಬರುತ್ತೆ, ಗದಗದಿಂದ ಬರುತ್ತೆ, ಬಳ್ಳಾರಿ, ರಾಯಚೂರು ಕಡೆಯಿಂದಲೂ ಬರುತ್ತೆ. ಗದಗ ಕಡೆಯಿಂದ ಬಂದ ಚೀಲಗಳ ದಾರಿ ಹಿಡಿದು ವಾಪಸ್ ಹೋಗಿ ನೋಡಿ. ಎರೆಹೊಲಗಳ ಆಚೆ ಒಂದು ಗುಡ್ಡದ ಸಾಲು ಕಾಣುತ್ತೆ. ಗದಗ ಊರಿನ ಹತ್ತಿರ ಶುರುವಾಗಿ ಶಿರಹಟ್ಟಿ, ಮುಂಡರಗಿ ದಾಟಿ ತುಂಗಭದ್ರೆಯ ಕಡೆಗೆ ಹಬ್ಬಿರುವ ಸಾಲು. ಅದೇ ಕಪ್ಪತಗುಡ್ಡ. ಉತ್ತರ ಕರ್ನಾಟಕದ ಸಹ್ಯಾದ್ರಿ ಅಂತ ಜನ ಪ್ರೀತಿಯಿಂದ ಕರೀತಾರೆ.

ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಆ ಗುಡ್ಡ ಉಳಿದ ಕಥೆ. ಯಾರೋ ಮಂತ್ರಿ ಸಹಿ ಹಾಕಿದ್ದಕ್ಕೆ ಅದು ಉಳೀತು ಅಂತ ನೀವು ಅಂದುಕೊಂಡಿದ್ರೆ, ಸ್ವಲ್ಪ ತಡೀರಿ. ಸಹಿ ಹಾಕಿದ್ದೂ ಸರ್ಕಾರವೇ, ಆ ಸಹಿ ಅಳಿಸಿದ್ದೂ ಅದೇ ಸರ್ಕಾರ. ನಡುವೆ ನಿಂತವರು ಜನ. ಆ ಜನಕ್ಕೆ ಹೀಗೆ ನಿಲ್ಲೋದು ಗೊತ್ತಿದ್ದದ್ದು ನಿನ್ನೆ ಮೊನ್ನೆಯಿಂದಲ್ಲ.

ಒಂದು ಮಾತು ನೆನಪಿರಲಿ. ಹಾವೇರಿ, ಗದಗ ಎರಡೂ 1997ರ ಆಗಸ್ಟ್‌ನಲ್ಲಿ ಹೊಸ ಜಿಲ್ಲೆಗಳಾದವು. ಅದಕ್ಕೆ ಮುಂಚೆ ಎಲ್ಲಾ ಒಂದೇ ಧಾರವಾಡ ಜಿಲ್ಲೆ. ಬ್ಯಾಡಗಿಯವರಿಗೂ ಮುಂಡರಗಿಯವರಿಗೂ ಒಬ್ಬನೇ ಕಲೆಕ್ಟರ್. ಹಾಗಾಗಿ ಈ ಕಥೆಯಲ್ಲಿ ನಾನು ಹಾವೇರಿಯಿಂದ ಗದಗಕ್ಕೆ ಜಿಗಿದ್ರೆ ಅದು ಹೊಸ ಗಡಿ ದಾಟಿದಂತೆ ಕಂಡರೂ ಹಳೇ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಹಾಗಷ್ಟೇ.

ಮೊದಲು ಬ್ಯಾಡಗಿ ತಾಲ್ಲೂಕಿಗೇ ಬನ್ನಿ. ಮೋಟೆಬೆನ್ನೂರು. 1930ರ ಮಾರ್ಚ್‌ನಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರ ತಂಡದಲ್ಲಿದ್ದ ಒಬ್ಬನೇ ಒಬ್ಬ ಕನ್ನಡಿಗ ಈ ಊರಿನವರು. ಮೈಲಾರ ಮಹಾದೇವಪ್ಪ. ಆಗ ಅವರಿಗೆ 18 ವರ್ಷ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಬಲಿಯಾದರು. ಇದು ನಮ್ಮ ಪಠ್ಯಪುಸ್ತಕದಲ್ಲಿದೆ, ಎಲ್ಲರೂ ಓದಿದ್ದೀವಿ.

ನಾವು ಅಷ್ಟಾಗಿ ಓದದೇ ಇರೋದು ಉಪ್ಪಿನ ನಂತರದ ಕಥೆ. ಉಪ್ಪಿನ ಸತ್ಯಾಗ್ರಹ ಮಾಡೋಕೆ ಸಮುದ್ರ ಬೇಕು. ಸಮುದ್ರ ಇಲ್ಲದ ಊರಿನವರು ಏನು ಮಾಡಬೇಕು? ಅವರು ಅಡವಿಗೆ ನಡೆದರು. ಅರಣ್ಯ ಸತ್ಯಾಗ್ರಹ. 1878ರ ಅರಣ್ಯ ಕಾಯ್ದೆಯ ಬಲದಿಂದ ಬ್ರಿಟಿಷರು ಊರಿನ ಪಕ್ಕದ ಕಾಡನ್ನೆಲ್ಲ ಸರ್ಕಾರಿ ಕಾಡು ಅಂತ ಬರೆದುಕೊಂಡಿದ್ದರು. ನಿನ್ನೆವರೆಗೆ ದನ ಮೇಯಿಸಿದ ಜಾಗದಲ್ಲಿ ಇವತ್ತು ದನ ಹೊಕ್ಕರೆ ದಂಡ. ನಿನ್ನೆವರೆಗೆ ಸೊಪ್ಪು ತಂದ ಮರಕ್ಕೆ ಇವತ್ತು ಕುಡುಗೋಲು ಹಾಕಿದ್ರೆ ಕೇಸು. ಉಪ್ಪು ಯಾರದು ಅಂತ ಗಾಂಧಿ ಕೇಳಿದ ಹಾಗೆ, ಸೊಪ್ಪು ಯಾರದು ಅಂತ 1930ರಲ್ಲಿ ಮುಂಬೈ ಪ್ರಾಂತ್ಯದ ರೈತರು ಕೇಳಿದರು. ಅದರಲ್ಲಿ ನಮ್ಮ ಕನ್ನಡದ ಜಿಲ್ಲೆಗಳೂ ಇದ್ದವು.

ಬ್ರಿಟಿಷರು ಹೋದರು. ಪ್ರಶ್ನೆ ಹೋಯ್ತಾ? ಇಲ್ಲ.

1984ರ ನವೆಂಬರ್ 14. ರಾಜ್ಯ ಸರ್ಕಾರ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಎದುರು ಕೂತಿದ್ದದ್ದು ಹರಿಹರ ಪಾಲಿಫೈಬರ್ಸ್, ಬಿರ್ಲಾ ಸಮೂಹದ ಕಾರ್ಖಾನೆ. ಹೆಸರು ಹರಿಹರ ಆದ್ರೂ ಕಾರ್ಖಾನೆ ಇರೋದು ಹೊಳೆಯ ಈಚೆ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ. ರೇಯಾನ್ ಬಟ್ಟೆಗೆ ಬೇಕಾದ ಮರದ ತಿರುಳು ತಯಾರಿಸೋ ಕಾರ್ಖಾನೆ ಅದು. ತಿರುಳಿಗೆ ನೀಲಗಿರಿ ಬೇಕು, ನೀಲಗಿರಿಗೆ ಜಮೀನು ಬೇಕು. ಅದಕ್ಕೇ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಹೊಸ ಕಂಪನಿ ಕಟ್ಟಿದರು. ಸರ್ಕಾರದ್ದು ಶೇಕಡಾ 51, ಕಾರ್ಖಾನೆಯದ್ದು 49. ಅದಕ್ಕೆ ಗೊತ್ತುಮಾಡಿದ ಜಮೀನು 30,000 ಹೆಕ್ಟೇರ್. ಗುತ್ತಿಗೆ 40 ವರ್ಷ. ಬಾಡಿಗೆ ಎಷ್ಟು ಗೊತ್ತಾ? ಎಕರೆಗೆ ವರ್ಷಕ್ಕೆ 1 ರೂಪಾಯಿ!

ಆ ಜಮೀನು ಸರ್ಕಾರದ ಪುಸ್ತಕದಲ್ಲಿ ಬೀಳುಭೂಮಿ. ಊರಿನವರ ಲೆಕ್ಕದಲ್ಲಿ? ದನ ಮೇಯೋ ಗೋಮಾಳ, ಒಲೆಗೆ ಸೌದೆ, ಕೊಟ್ಟಿಗೆಗೆ ಹುಲ್ಲು, ಹಸಿದ ಮಕ್ಕಳಿಗೆ ಕಾರೆಹಣ್ಣು, ಬಾರಿಹಣ್ಣು. ಬೇಲಿ ಹಾಕಿ ನೀಲಗಿರಿ ನೆಟ್ಟರೆ ಇವೆಲ್ಲಾ ಹೋಯ್ತು. ನೀಲಗಿರಿ ಎಲೆಯನ್ನು ಮೇಕೆಯೂ ಮೂಸಿ ನೋಡಲ್ಲ!

ಆಗ ಧಾರವಾಡದಲ್ಲಿ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಹುಟ್ಟಿಕೊಂಡಿತ್ತು. ಕುಮಾರಪಟ್ಟಣದ ಕಾರ್ಖಾನೆಯ ನೀರಿನಿಂದ ತುಂಗಭದ್ರೆಯ ಮೀನು ಸಾಯ್ತಿವೆ ಅಂತ ನದಿಪಾತ್ರದ ಹಳ್ಳಿಗಳು ದೂರುತ್ತಿದ್ದವು. ಹೊಳೆಯ ಹೋರಾಟ ಗೋಮಾಳದ ಹೋರಾಟಕ್ಕೂ ಕೈ ಹಾಕಿತು. ಸುಪ್ರೀಂ ಕೋರ್ಟ್‌ಗೆ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಮೊದಲ ಹೆಸರು ಯಾರದು ಗೊತ್ತಾ? ಡಾ. ಶಿವರಾಮ ಕಾರಂತರದು. 1987ರ ಮಾರ್ಚ್‌ನಲ್ಲಿ ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಕೋರ್ಟ್ ತಡೆ ಕೊಟ್ಟಮೇಲೆ ಮನೆಗೆ ಹೋಗಿ ಮಲಗಬಹುದಿತ್ತು. ಜನ ಮಲಗಲಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದು ಸರಿಯಾಗಿ ಮೂರು ವರ್ಷ, 1987ರ ನವೆಂಬರ್ 14. ಹಾನಗಲ್ ತಾಲ್ಲೂಕಿನ ಕುಸನೂರು. ಸುಮಾರು 2,000 ಜನ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು. ಶಾಲೆಯ ಅಂಗಳದಲ್ಲಿ ಅಹಿಂಸೆಯ ಪ್ರಮಾಣ ಮಾಡಿದರು. ಡೊಳ್ಳು ಬಾರಿಸಿಕೊಂಡು ಹೊಲದ ಕಡೆ ಹೊರಟರು. ನೀಲಗಿರಿ ಸಸಿ ಕಿತ್ತರು. ಕಿತ್ತ ಗುಂಡಿಯಲ್ಲೇ ಊರಿಗೆ ಬೇಕಾದ ಹಣ್ಣಿನ ಸಸಿ, ಮೇವಿನ ಸಸಿ ನೆಟ್ಟರು. ನೆಟ್ಟಿದ್ದಕ್ಕೆ ನೀರು ಹಾಕ್ತೀವಿ ಅಂತ ಪ್ರತಿಜ್ಞೆ ಮಾಡಿ ಮನೆಗೆ ಹೋದರು. ಅದರ ಹೆಸರೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ.

ಆ ಹೆಸರನ್ನೇ ಗಮನಿಸಿ. ಹಚ್ಚೋದು ಅಂದ್ರೆ ನಮ್ಮ ಉತ್ತರ ಕರ್ನಾಟಕದ ಮಾತಲ್ಲಿ ಸಸಿ ನೆಡೋದು. ಬರೀ ಕಿತ್ತು ಬಿಸಾಕಿದ್ರೆ ಅದು ಸಿಟ್ಟು. ಕಿತ್ತ ಜಾಗದಲ್ಲಿ ಹಚ್ಚಿದ್ರೆ ಅದು ಜವಾಬ್ದಾರಿ. ಈ ನೆಲಕ್ಕೆ ಬೇಡವಾದದ್ದು ಯಾವುದು ಅಂತಷ್ಟೇ ಅಲ್ಲ, ಬೇಕಾದದ್ದು ಯಾವುದು ಅಂತಲೂ ನಮಗೆ ಗೊತ್ತಿದೆ ಅಂತ ಅವತ್ತು ಹಳ್ಳಿಯವರು ತೋರಿಸಿಕೊಟ್ಟರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1983ರ ಸೆಪ್ಟೆಂಬರ್‌ನಲ್ಲಿ, ಶಿರಸಿಯ ಸಲಕಣಿ ಜನ ಮರ ಅಪ್ಪಿಕೊಂಡಿದ್ದರು. ಮಲೆನಾಡು ಅಪ್ಪಿತು, ಬಯಲುಸೀಮೆ ಕಿತ್ತು ಹಚ್ಚಿತು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಬಾಗಿಲು ಮುಚ್ಚಿತು. ಬಿರ್ಲಾ ಪಾಲುದಾರಿಕೆ, ಸರ್ಕಾರದ 51 ಪರ್ಸೆಂಟ್, ಎಲ್ಲಾ ಇದ್ದೂ!

ಈಗ ನೀವು ಕೇಳಬಹುದು: ಜನರನ್ನು ಕೇಳದೆಯೂ ಕಾಡು, ಪ್ರಾಣಿ ಉಳಿಸೋಕೆ ಆಗಲ್ವಾ? ಉದಾಹರಣೆ ಪಕ್ಕದಲ್ಲೇ ಇದೆ. 1974ರಲ್ಲಿ ರಾಣೆಬೆನ್ನೂರು ಸುತ್ತಿನ 119 ಚದರ ಕಿಲೋಮೀಟರ್ ಜಾಗವನ್ನು ಕೃಷ್ಣಮೃಗ ಅಭಯಾರಣ್ಯ ಅಂತ ಘೋಷಿಸಿದರು. ಒಳ್ಳೆಯ ಕೆಲಸ. ಕೃಷ್ಣಮೃಗ ಉಳಿಯಿತು, ಸಾವಿರಗಟ್ಟಲೆ ಹೆಚ್ಚಿತು. ಅದನ್ನು ನಾನು ಕಡಿಮೆ ಮಾಡಿ ಹೇಳಲ್ಲ. ಆದ್ರೆ ಅಭಯಾರಣ್ಯದ ದೊಡ್ಡ ಭಾಗ ನೀಲಗಿರಿ ನೆಡುತೋಪು. ನಮ್ಮ ಕಡೆ ಎರೆಭೂತ ಅನ್ನೋ ಹಕ್ಕಿ ಇತ್ತಲ್ಲ, ಗ್ರೇಟ್ ಇಂಡಿಯನ್ ಬಸ್ಟರ್ಡ್, ಅದಕ್ಕೆ ಬಯಲು ಹುಲ್ಲುಗಾವಲು ಬೇಕು. ಅದು ರಾಣೆಬೆನ್ನೂರಿನಲ್ಲಿ ಕಾಣ್ತಿತ್ತು. ಈಗ ಕಾಣಲ್ಲ. ಇನ್ನು ಕೃಷ್ಣಮೃಗ ಗಡಿ ಕಲ್ಲು ಓದಿಕೊಂಡು ಮೇಯುತ್ತಾ? ಪಕ್ಕದ ರೈತನ ಹೊಲಕ್ಕೂ ಬರುತ್ತೆ. ಮೊಳಕೆಯೊಡೆದ ಬೆಳೆ ರಾತ್ರಿ ಕಳೆಯೋದ್ರೊಳಗೆ ಮಾಯ. ಪ್ರಾಣಿಯ ಮೇಲೆ ರೈತನಿಗೆ ಸಿಟ್ಟಿಲ್ಲ, ಪರಿಹಾರ ತಡವಾದಾಗ ಸಿಟ್ಟು ಬರುತ್ತೆ. ಮೇಲಿಂದ ಬಂದ ರಕ್ಷಣೆ ಪ್ರಾಣಿಯನ್ನು ಉಳಿಸಬಹುದು. ಆದ್ರೆ ಪಕ್ಕದ ಊರಿನವನು ಅದನ್ನು ತನ್ನದು ಅಂದುಕೊಳ್ಳದೇ ಇದ್ದರೆ ಆ ರಕ್ಷಣೆಗೆ ಒಂದು ಕಾಲು ಕುಂಟು.

ಇನ್ನು ಕಪ್ಪತಗುಡ್ಡ.

ಮಳೆ ಕಡಿಮೆ ಇರೋ ಪ್ರದೇಶದ ಗುಡ್ಡ ಇದು. ಬೇಸಿಗೆಯಲ್ಲಿ ನೋಡಿದ್ರೆ ಒಣಹುಲ್ಲು, ಕುರುಚಲು ಗಿಡ, ಕೆಂಪು ಕಲ್ಲು. ಇಲ್ಲಿ ಏನಿದೆ ಮಹಾ ಅನ್ನಿಸುತ್ತೆ. ಒಂದು ಮಳೆ ಬೀಳಲಿ, ಗುಡ್ಡ ಹಸಿರಾಗಿ ನಿಲ್ಲುತ್ತೆ. ಔಷಧಿ ಸಸ್ಯಗಳ ಕಣಜ ಅಂತ ನಾಟಿ ವೈದ್ಯರು ತಲೆಮಾರುಗಳಿಂದ ಹುಡುಕಿಕೊಂಡು ಬಂದ ಜಾಗ. ತೋಳ, ಕತ್ತೆಕಿರುಬ, ಚಿರತೆ, ನರಿ, ಕೃಷ್ಣಮೃಗ, ಚಿಂಕಾರ, ನಾಲ್ಕು ಕೊಂಬಿನ ಕೊಂಡುಕುರಿ, ಮುಳ್ಳುಹಂದಿ, ನವಿಲು. ಹುಲಿ ಇಲ್ಲ, ಆನೆ ಇಲ್ಲ. ಅದಕ್ಕೇ ಕ್ಯಾಮೆರಾ ಹಿಡಿದುಕೊಂಡು ಬರೋರೂ ಕಡಿಮೆ. ಆದ್ರೆ ಬಯಲುಸೀಮೆಯ ತೋಳಕ್ಕೆ, ಕತ್ತೆಕಿರುಬಕ್ಕೆ ಇಂಥ ಗುಡ್ಡ ಬಿಟ್ರೆ ಬೇರೆ ಎಲ್ಲಿ ಜಾಗ ಇದೆ ಹೇಳಿ? ಗುಡ್ಡದ ಮೇಲೆ ಬಿದ್ದ ನೀರು ಹಳ್ಳವಾಗಿ ಇಳಿಯುತ್ತೆ, ಡಂಬಳದಂಥ ಊರುಗಳ ಕೆರೆ ತುಂಬುತ್ತೆ, ಉಳಿದದ್ದು ತುಂಗಭದ್ರೆಗೆ. ಸುತ್ತಲಿನ ಜೋಳ, ಶೇಂಗಾ, ಹತ್ತಿ, ಮೆಣಸಿನಕಾಯಿ ಹೊಲಗಳ ತೇವಕ್ಕೂ ಈ ಗುಡ್ಡಕ್ಕೂ ಇರೋ ನಂಟು ಅದು.

ಗುಡ್ಡದ ಶತ್ರು ಅದರ ಹೊಟ್ಟೆಯಲ್ಲೇ ಇದೆ. ಚಿನ್ನ. 1874ರಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಚಿನ್ನದ ಬಂಡೆಗಳ ಬಗ್ಗೆ ಬರೆದರು. ಹಳ್ಳದ ಮರಳು ತೊಳೆದು ಚಿನ್ನದ ಕಣ ಆರಿಸುತ್ತಿದ್ದ ಜಲಗಾರರು ಅದಕ್ಕಿಂತ ಮುಂಚೆಯೇ ಇದ್ದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಬಂದು ಗಣಿ ತೋಡಿದವು, ಕೆಲವೇ ವರ್ಷಕ್ಕೆ ಮುಚ್ಚಿಕೊಂಡು ಹೋದವು. ನಮ್ಮ ಕಾಲಕ್ಕೆ ಬಲ್ದೋಟ ಸಮೂಹದ ರಾಮಗಡ ಮಿನರಲ್ಸ್ ಚಿನ್ನದ ಗಣಿಗೆ ಪ್ರಸ್ತಾವ ಇಟ್ಟಿತು. ಚಿನ್ನ ಅಂದ್ರೆ ಗಟ್ಟಿ ಗಟ್ಟಿಯಾಗಿ ಅಗೆದು ತೆಗೆಯೋದು ಅಂತ ಅಂದುಕೊಳ್ಳಬೇಡಿ. ಒಂದು ಟನ್ ಕಲ್ಲು ಪುಡಿ ಮಾಡಿದ್ರೆ ಸಿಗೋದು ಕೆಲವು ಗ್ರಾಂ. ಉಳಿದದ್ದೆಲ್ಲ ರಾಸಾಯನಿಕದಲ್ಲಿ ತೊಳೆದ ಬೂದಿಮಣ್ಣು. ಕೆಜಿಎಫ್ ಸಿನಿಮಾ ನೀವೆಲ್ಲಾ ನೋಡಿದ್ದೀರಿ. ನಿಜವಾದ ಕೆಜಿಎಫ್‌ನಲ್ಲಿ 2001ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯ್ತು. ಸೈನೈಡ್ ದಿಬ್ಬಗಳು ಇವತ್ತಿಗೂ ನಿಂತಿವೆ, ಗಾಳಿ ಬೀಸಿದ್ರೆ ಧೂಳು ಊರಿಗೆ ಬರುತ್ತೆ.

ಗಣಿಗಿಂತ ಮುಂಚೆ ಇನ್ನೊಂದು ಪರೀಕ್ಷೆ ಬಂತು. ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ 32,336 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ, 3,382 ಎಕರೆ ಜಮೀನು. 2011ರ ಜುಲೈನಲ್ಲಿ ರೈತರು ಬೀದಿಗೆ ಬಂದರು. ಮುಂದೆ ನಿಂತವರು ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ. 1974ರಲ್ಲಿ ಪೀಠಕ್ಕೆ ಬಂದವರು, ಕೋಮು ಸೌಹಾರ್ದಕ್ಕೆ ರಾಷ್ಟ್ರೀಯ ಪ್ರಶಸ್ತಿ ಪಡೆದವರು. ಮಠದ ಗದ್ದುಗೆ ಬಿಟ್ಟು ರೈತರ ಜೊತೆ ನೆಲಕ್ಕೆ ಬಂದು ಕೂತರು. ಸರ್ಕಾರ ಭೂಸ್ವಾಧೀನ ನಿಲ್ಲಿಸಿತು. 2013ರಲ್ಲಿ ಪೋಸ್ಕೋ ಯೋಜನೆಯನ್ನೇ ಕೈಬಿಟ್ಟಿತು. ಇಲ್ಲಿ ಕಲಿತ ಪಾಠ ಗುಡ್ಡಕ್ಕೆ ಉಪಯೋಗಕ್ಕೆ ಬಂತು.

ಈಗ ಮೂರು ಆದೇಶಗಳ ಲೆಕ್ಕ ನೋಡಿ. 2015ರ ಡಿಸೆಂಬರ್: ಕಪ್ಪತಗುಡ್ಡದ 17,872 ಹೆಕ್ಟೇರ್ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಣೆ. 2016ರ ನವೆಂಬರ್: ಆ ಘೋಷಣೆ ವಾಪಸ್. 2017ರ ಏಪ್ರಿಲ್: ವಾಪಸ್ ಪಡೆದದ್ದು ವಾಪಸ್! ಮೂರೂ ಆದೇಶ ಒಂದೇ ಸರ್ಕಾರದ್ದು, ಒಬ್ಬರೇ ಮುಖ್ಯಮಂತ್ರಿ, ಸಿದ್ದರಾಮಯ್ಯ. ವರ್ಷ ಒಂದೂವರೆ ಆಗಿರಲಿಲ್ಲ. ಗುಡ್ಡ ಇದ್ದಲ್ಲೇ ಇತ್ತು, ಫೈಲ್ ಮಾತ್ರ ಹಿಂದೆ ಮುಂದೆ ಓಡಾಡಿತು.

ವಾಪಸ್ ಪಡೆದಾಗ ಕೊಟ್ಟ ಕಾರಣ ಏನು? ಸ್ಥಳೀಯ ಜನರ ಅಭಿಪ್ರಾಯ ಕೇಳಿರಲಿಲ್ಲ ಅಂತ. ಕಾನೂನಿನಲ್ಲಿ ಆ ಮಾತು ಇರೋದು ನಿಜ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಈ ಸಂರಕ್ಷಿತ ಮೀಸಲು ಅನ್ನೋ ವ್ಯವಸ್ಥೆ ಸೇರಿಸಿದಾಗ, ಸ್ಥಳೀಯ ಸಮುದಾಯದ ಜೊತೆ ಸಮಾಲೋಚನೆ ಮಾಡಬೇಕು ಅಂತಲೇ ಬರೆದಿದ್ದಾರೆ. ಜನರ ಹಕ್ಕಿಗೂ ಧಕ್ಕೆ ಇಲ್ಲ. ಗುಡ್ಡದ ಕೆಳಗಿನ ಕೆಲವು ಊರುಗಳಲ್ಲಿ ಭಯ ಇದ್ದದ್ದೂ ನಿಜ. ನಾಳೆ ಕುರಿ ಬಿಡೋಕೆ ಬಿಡ್ತಾರಾ, ಸೌದೆ ತರೋಕೆ ಬಿಡ್ತಾರಾ? ಆ ಭಯವನ್ನು ನಾನು ತಳ್ಳಿಹಾಕಲ್ಲ. 1878ರ ನೆನಪು ರಕ್ತದಲ್ಲಿದೆ.

ಆದ್ರೆ ಸರ್ಕಾರ ಜನರನ್ನು ಕೇಳಿಲ್ಲ ಅಂದ ಮೇಲೆ ನಡೆದದ್ದೇ ಬೇರೆ. ಕೇಳಿ ಸ್ವಾಮಿ, ನಾವೇ ಬಂದಿದ್ದೀವಿ ಅಂತ ಜನ ಬಂದುಬಿಟ್ಟರು! 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಮೂರು ದಿನ ಅಹೋರಾತ್ರಿ ಧರಣಿ. ಸಿದ್ಧಲಿಂಗ ಸ್ವಾಮೀಜಿ ರಾತ್ರಿ ಹಗಲು ಅಲ್ಲೇ. 30 ವರ್ಷ ಹಿಂದೆ ನೀಲಗಿರಿ ಹೋರಾಟ ಕಟ್ಟಿದ ಎಸ್.ಆರ್. ಹಿರೇಮಠ ಇಲ್ಲೂ ಇದ್ದರು. ಗುಡ್ಡದ ಮಡಿಲಲ್ಲೇ ಇರುವ ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿ ಇದ್ದರು. ರೈತರು, ವಿದ್ಯಾರ್ಥಿಗಳು, ಸಾಹಿತಿಗಳು, ಹೆಣ್ಣುಮಕ್ಕಳು. ಕಲ್ಲು ಬೀಳಲಿಲ್ಲ, ಬಸ್ಸು ಸುಡಲಿಲ್ಲ. ಎರಡು ತಿಂಗಳಲ್ಲಿ ಘೋಷಣೆ ವಾಪಸ್ ಬಂತು.

ಅಲ್ಲಿಗೆ ಮುಗೀತು ಅಂತ ಜನ ಬಿಡಲಿಲ್ಲ. ಒಂದು ಆದೇಶದಲ್ಲಿ ಬಂದದ್ದು ಇನ್ನೊಂದು ಆದೇಶದಲ್ಲಿ ಹೋಗುತ್ತೆ ಅನ್ನೋದನ್ನು ಅವರು ಕಣ್ಣಾರೆ ನೋಡಿದ್ದರು. ಅಭಯಾರಣ್ಯ ಆದ್ರೆ ಹಾಗಲ್ಲ. ಅದರ ಗಡಿ ಬದಲಾಯಿಸಬೇಕು ಅಂದ್ರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು, ಬೆಂಗಳೂರಿನ ಒಂದು ಟಿಪ್ಪಣಿ ಸಾಲದು. 2019ರ ಮೇ ತಿಂಗಳಲ್ಲಿ, ಕುಮಾರಸ್ವಾಮಿ ಸರ್ಕಾರದ ಕಾಲದಲ್ಲಿ, ಕಪ್ಪತಗುಡ್ಡದ 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯಿತು. ಅದನ್ನು ನೋಡೋಕೆ ಸಿದ್ಧಲಿಂಗ ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರ್ 20ರಂದು ಅವರು ಲಿಂಗೈಕ್ಯರಾಗಿದ್ದರು. ಏಳು ತಿಂಗಳ ಅಂತರ.

ಕೆಲವರು ಕೇಳ್ತಾರೆ: ಹಿಂದುಳಿದ ಜಿಲ್ಲೆ, ಮಕ್ಕಳು ಬೆಂಗಳೂರು, ಗೋವಾ ಅಂತ ಗುಳೆ ಹೋಗ್ತಾರೆ, ಬರೋ ಉದ್ಯೋಗ ಬೇಡ ಅಂದ್ರೆ ಹೇಗೆ? ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕು. ಗಣಿಗೆ ಆಯಸ್ಸು ಇರುತ್ತೆ. ಹತ್ತೋ ಇಪ್ಪತ್ತೋ ವರ್ಷ. ಕೆರೆಗೆ, ಹೊಲಕ್ಕೆ ಆ ಆಯಸ್ಸಿನ ಮಿತಿ ಇಲ್ಲ. ಆದ್ರೆ ಗುಡ್ಡ ಉಳಿಸಿಕೊಂಡ ಊರಿಗೆ ಸರ್ಕಾರ ಏನು ಕೊಟ್ಟಿದೆ ಅಂತಲೂ ಕೇಳಬೇಕಲ್ವಾ? ತೋಳ ಕುರಿ ಹೊತ್ತೊಯ್ದರೆ ಕುರಿಗಾಹಿಗೆ ಪರಿಹಾರ ಎಷ್ಟು ದಿನಕ್ಕೆ ಬರುತ್ತೆ? ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬಿದ್ದಾಗ ಅರಣ್ಯ ಸಿಬ್ಬಂದಿ ಜೊತೆ ಓಡೋ ಹುಡುಗರಿಗೆ ಕೂಲಿ ಇದೆಯಾ, ವಿಮೆ ಇದೆಯಾ? ಔಷಧಿ ಸಸ್ಯದ ಹೆಸರಲ್ಲಿ ಸುತ್ತಲಿನ ಹಳ್ಳಿಗೆ ಒಂದು ದುಡಿಮೆಯ ದಾರಿ ಮಾಡಿಕೊಡೋಕೆ ಆಗಲ್ವಾ? ಕಾಡು ಉಳಿಸೋ ಖರ್ಚನ್ನು ಅತಿ ಬಡವನೇ ಕೊಡಬೇಕು, ಶುದ್ಧ ಗಾಳಿ ಮಾತ್ರ ಎಲ್ಲರಿಗೂ ಅಂದ್ರೆ ಅದು ಅನ್ಯಾಯ. ಈ ಲೆಕ್ಕ ಚುಕ್ತಾ ಮಾಡದೇ ಇದ್ರೆ, ಇವತ್ತು ಗುಡ್ಡದ ಪರ ಧರಣಿ ಕೂತವನ ಮಗನೇ ನಾಳೆ ಗಣಿಯ ಪರ ನಿಲ್ಲಬಹುದು.

ಅಪಾಯ ಹೋಗಿಲ್ಲ. ಅಭಯಾರಣ್ಯದ ಗಡಿಗೆ ಒತ್ತಿಕೊಂಡು ಕಲ್ಲುಗಣಿ, ಕ್ರಷರ್‌ಗಳ ಕಣ್ಣಿದೆ. ಸುತ್ತಲಿನ ಸೂಕ್ಷ್ಮ ವಲಯ ಹತ್ತು ಕಿಲೋಮೀಟರ್ ಇರಬೇಕಾ, ಒಂದು ಕಿಲೋಮೀಟರ್ ಸಾಕಾ ಅನ್ನೋ ಚೌಕಾಸಿ ನಡೆದೇ ಇದೆ. ಚಿನ್ನದ ಬೆಲೆ ಏರಿದ ಹಾಗೆಲ್ಲ ಗುಡ್ಡದ ಹೊಟ್ಟೆಯ ಮೇಲೆ ಕಣ್ಣೂ ಏರುತ್ತೆ.

ನಾನು ಇಷ್ಟೆಲ್ಲಾ ಇಸವಿ, ಅಂಕಿ ಹೇಳಿದ್ದು ಯಾಕೆ ಗೊತ್ತಾ? ಮೋಟೆಬೆನ್ನೂರು, ಕುಸನೂರು, ಹಳ್ಳಿಗುಡಿ, ಕಪ್ಪತಗುಡ್ಡ. ನಾಲ್ಕೂ ಒಂದೇ ಹಳೇ ಧಾರವಾಡ ಜಿಲ್ಲೆಯೊಳಗಿನ ಹೆಸರುಗಳು. ಬ್ಯಾಡಗಿ ಮಾರ್ಕೆಟ್‌ಗೆ ಚೀಲ ಹೊತ್ತು ತರೋ ಜನ, ಅದೇ ಮಣ್ಣು. ಇವರು ಗೆದ್ದಾಗಲೆಲ್ಲ ಸಂಖ್ಯೆ ಇತ್ತು, ಶಿಸ್ತು ಇತ್ತು, ಕೈಯಲ್ಲಿ ದಾಖಲೆ ಇತ್ತು, ಗೆದ್ದ ಮೇಲೂ ಕಾವಲು ಇತ್ತು. ಕಾವಲು ಒಂದು ವರ್ಷ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ 2016ರ ನವೆಂಬರ್ ಸಾಕ್ಷಿ.

ಗುಡ್ಡ ಯಾರದು ಅಂತ ಮುಂದಿನ ಸಲ ಯಾರಾದ್ರೂ ಕೇಳಿದ್ರೆ ಪಹಣಿ ತೋರಿಸಬೇಡಿ. ಪಹಣಿಯಲ್ಲಿ ಸರ್ಕಾರದ ಹೆಸರಿರುತ್ತೆ. ಡಂಬಳದ ಕೆರೆ ತೋರಿಸಿ, ಅದರ ಕೆಳಗಿನ ಹೊಲ ತೋರಿಸಿ, ಸಂಜೆ ಹೊತ್ತು ಗುಡ್ಡದಿಂದ ಇಳಿಯೋ ಕುರಿಹಿಂಡು ತೋರಿಸಿ. ಆಮೇಲೂ ಅವನಿಗೆ ಅನುಮಾನ ಉಳಿದ್ರೆ, ಬನ್ನಿ, ಮತ್ತೊಮ್ಮೆ ಗದಗಿನಲ್ಲಿ ಕೂರೋಣ.